ಪರದೆ ಯಾರ ಕಡೆ, ಹೆಬ್ಬೆಟ್ಟು ಯಾರದು?

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಬಿ.ಎಚ್. ರಸ್ತೆಯಲ್ಲಿ, ಎರಡೂ ಊರಿಗೆ ಸೇರಿಯೂ ಸೇರದಂತೆ ನಡುವೆ ಕೂತಿರುವುದು ಮಾಚೇನಹಳ್ಳಿ. ಈಗ ಹೆಸರಿನಲ್ಲಷ್ಟೇ ಹಳ್ಳಿ. ಕೈಗಾರಿಕಾ ಪ್ರದೇಶ, ಶಿಮುಲ್ ಡೇರಿ, ಕೆಎಸ್‌ಆರ್‌ಪಿ ಪಡೆ, ಗಾರ್ಮೆಂಟ್ಸ್ ಎಲ್ಲವೂ ರಸ್ತೆಯ ಆಚೀಚೆ. ಒಂದು ಕಾಲಕ್ಕೆ ಈ ಭಾಗದಲ್ಲಿ ನೌಕರಿ ಅಂದರೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಇಲ್ಲವೇ ಕಾಗದದ ಕಾರ್ಖಾನೆ. ಹೋಗುತ್ತಿದ್ದವರು ಬಹುಪಾಲು ಗಂಡಸರು. 1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದ ಮೊದಲನೆಯದು ಮುಚ್ಚುವ, ತೆರೆಯುವ ಮಾತುಗಳ ನಡುವೆ ಕುಟುಕು ಜೀವ ಹಿಡಿದುಕೊಂಡಿದೆ. ಎರಡನೆಯದರ ಯಂತ್ರಗಳು ನಿಂತು ದಶಕವೇ ಆಯಿತು. ಈಗ ಬೆಳಗಿನ ಬಸ್ಸುಗಳಿಂದ ಬುತ್ತಿ ಚೀಲ ಹಿಡಿದು ಮಾಚೇನಹಳ್ಳಿಯಲ್ಲಿ ಇಳಿಯುವವರಲ್ಲಿ ಹೆಂಗಸರೇ ಹೆಚ್ಚು. ಸುತ್ತಲಿನ ಎಷ್ಟೋ ಮನೆಗಳ ಖರ್ಚುವೆಚ್ಚ ನಡೆಯುವುದೇ "ಗಾರ್ಮೆಂಟ್ಸ್‌ಗೆ ಹೋಗೋ" ಮಗಳು ಅಥವಾ ಸೊಸೆಯಿಂದ.

ಅಂಥ ಒಬ್ಬಾಕೆಯ ಹೆಬ್ಬೆರಳನ್ನು ಒಂದು ತಿಂಗಳು ಹಿಂಬಾಲಿಸಿ ನೋಡಿ. ಕಾರ್ಖಾನೆಯ ಗೇಟಿನಲ್ಲಿ ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ ಪಂಚ್. ಪಂಚ್ ಆಗದಿದ್ದರೆ ಬಂದದ್ದೂ ಬಂದಂತಲ್ಲ. ತಿಂಗಳಿಗೊಮ್ಮೆ ನ್ಯಾಯಬೆಲೆ ಅಂಗಡಿಯ ಯಂತ್ರಕ್ಕೆ ಹೆಬ್ಬೆಟ್ಟು. ಅತ್ತೆಯ ಪಿಂಚಣಿಯನ್ನು ಊರಿಗೇ ಬಂದು ಕೊಡುವ ಬ್ಯಾಂಕ್ ಮಿತ್ರನ ಕೈಯಲ್ಲಿರುವ ಸಣ್ಣ ಗಾಜಿನ ಮೇಲೆ ಅತ್ತೆಯದು. ಮಗನಿಗೆ ಐದು ವರ್ಷ ತುಂಬಿದಾಗ ಒಮ್ಮೆ, ಹದಿನೈದಾದಾಗ ಮತ್ತೊಮ್ಮೆ ಆಧಾರ್ ಕೇಂದ್ರದಲ್ಲಿ ಅವನದು. ಜಾಗ ಗೀಗ ಕೊಂಡರೆ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಮತ್ತೆ ಆಕೆಯದು. ಓದುಬರಹ ಬಾರದವರ ಗುರುತಾಗಿದ್ದ ಹೆಬ್ಬೆಟ್ಟು ಈಗ ಎಂ.ಎ. ಮಾಡಿದವರಿಗೂ ಅನಿವಾರ್ಯವಾಗಿದೆ, ಅಷ್ಟರಮಟ್ಟಿಗೆ ಸಮಾನತೆ ಬಂದಿದೆ ಅನ್ನೋಣ.

ಇಷ್ಟೆಲ್ಲ ಕೊಡುತ್ತೀರಲ್ಲ, ಭಯವಿಲ್ಲವೇ ಎಂದು ಕೇಳಿದರೆ ಈ ದಾರಿಯ ಬಸ್ಸಿನಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ: "ನಮ್ಮತ್ರ ಮುಚ್ಚಿಡೋಕೆ ಏನಿದೆ?" ಬೆಂಗಳೂರಿನ ವಿಚಾರ ಸಂಕಿರಣಗಳಲ್ಲಿ ಈ ಮಾತನ್ನು ಅಜ್ಞಾನವೆಂದು ತಳ್ಳಿಹಾಕುವುದುಂಟು. ನನಗೆ ಹಾಗೆ ಕಾಣುವುದಿಲ್ಲ. ಹೀಗೆ ಹೇಳುವ ಹುಡುಗಿಯೇ ರೀಚಾರ್ಜ್ ಅಂಗಡಿಗೆ ತಾನೇ ಹೋಗಿ ನಂಬರ್ ಹೇಳದೆ, ತಮ್ಮನನ್ನು ಕಳಿಸಿ ಹಾಕಿಸಿಕೊಳ್ಳುತ್ತಾಳೆ. ಯಾವುದನ್ನು ಯಾರಿಂದ ಮುಚ್ಚಿಡಬೇಕು ಎಂಬುದು ಆಕೆಗೆ ಚೆನ್ನಾಗಿಯೇ ಗೊತ್ತು. ಕಾರ್ಖಾನೆಯ ಗೇಟು, ರೇಷನ್ ಅಂಗಡಿಯ ಮುಂದೆ ನಿಂತಾಗ ಗೊತ್ತಿರುವುದು ಇನ್ನೊಂದು: ಇಲ್ಲಿ ಆಗುವುದಿಲ್ಲ ಅನ್ನುವ ಹಾಗಿಲ್ಲ. ಇಲ್ಲ ಅನ್ನಲಾಗದ ಕಡೆ ಭಯಪಟ್ಟು ಪ್ರಯೋಜನವೇನು?

ಹಾಗಂತ ಇಲ್ಲಿಯವರಿಗೆ ಯಂತ್ರವೆಂದರೆ ಅಲರ್ಜಿಯೂ ಇಲ್ಲ. ಶಿಮುಲ್‌ಗೆ ಹಾಲು ಬರುವುದು ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಹಳ್ಳಿ ಸಂಘಗಳಿಂದ. ಸಂಘದ ಮುಂದೆ ಬೆಳಿಗ್ಗೆ ಕ್ಯಾನು ಹಿಡಿದು ಸಾಲಾಗಿ ನಿಂತವರನ್ನು ನೋಡಿ. ಹಾಲು ತೂಕಕ್ಕೆ ಹೋಗುತ್ತದೆ, ಒಂದು ಚಮಚದಷ್ಟು ಪರೀಕ್ಷೆಯ ಯಂತ್ರಕ್ಕೆ. ಲೀಟರು, ಜಿಡ್ಡು, ಜಿಡ್ಡಿಲ್ಲದ ಘನಾಂಶ, ದರ, ಒಟ್ಟು ಹಣ ಎಲ್ಲವೂ ಅಂಕಿಯಾಗಿ ಮೂಡಿ ಚೀಟಿಯಾಗಿಯೋ ಮೊಬೈಲಿಗೆ ಸಂದೇಶವಾಗಿಯೋ ಬರುತ್ತದೆ. ನಿನ್ನೆ 4.1 ಇದ್ದ ಫ್ಯಾಟ್ ಇವತ್ತು 3.6 ಆಗಿದ್ದರೆ ಜಗಳ ಅಲ್ಲೇ, ಆಗಲೇ ಶುರು. ಹಸುವಿಗೆ ಏನು ಹಾಕಿದೆ, ಹಾಲು ಕಲಕಿದ್ದೀಯಾ, ಯಂತ್ರ ತೊಳೆದಿದ್ದೀಯಾ, ಇನ್ನೊಮ್ಮೆ ಹಾಕು. ಕಾರ್ಯದರ್ಶಿ ಗೊಣಗುತ್ತಲೇ ಇನ್ನೊಮ್ಮೆ ಹಾಕುತ್ತಾನೆ. ಕೈಯಳತೆಯ ಕಾಲಕ್ಕೆ ಯಾರೂ ಮರಳಲು ಬಯಸುವುದಿಲ್ಲ. ಕಾರಣ ಸರಳ: ಯಂತ್ರ ಕಾರ್ಯದರ್ಶಿಗೆ ತೋರಿಸಿದ್ದನ್ನೇ ಹಾಲು ತಂದವಳಿಗೂ ತೋರಿಸುತ್ತದೆ, ಮೇಲೆ ಚೀಟಿ ಕೊಡುತ್ತದೆ. ಚೀಟಿ ಕೈಯಲ್ಲಿದ್ದರೆ ಜಗಳಕ್ಕೆ ಬಲ.

ಈ ತತ್ವವನ್ನು ಕರ್ನಾಟಕ ಸರ್ಕಾರ ಒಂದು ಕಾಲದಲ್ಲಿ ಬಹಳ ಚೆನ್ನಾಗಿ ಅರ್ಥ ಮಾಡಿಕೊಂಡಿತ್ತು ಎಂಬುದೇ ಈ ಲೇಖನ ಬರೆಯಲು ನನಗಿರುವ ನೆವ. 'ಭೂಮಿ' ಯೋಜನೆಯನ್ನು ನೆನಪಿಸಿಕೊಳ್ಳಿ. 2001-02ರ ಹೊತ್ತಿಗೆ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು. ಅದಕ್ಕೆ ಮುಂಚೆ ಅವು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು. ಶಾನುಭೋಗರ ಕಾಲದ ಕಥೆಗಳನ್ನು ಕೇಳಿದವರಿಗೆ ಆ ಪುಸ್ತಕದ ಮಹಿಮೆ ಬಿಡಿಸಿ ಹೇಳಬೇಕಿಲ್ಲ. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚು ಹಾಕಿದ ಪಹಣಿ ಕೈಗೆ ಬರುವಂತಾಯಿತು.

ಈ ಯಶಸ್ಸನ್ನು ಜಗತ್ತೆಲ್ಲ ಹೊಗಳಿತು; ಅದು ದೊಡ್ಡ ವಿಷಯವಲ್ಲ. ಭೂಮಿ ಕೇಂದ್ರದ ಎರಡು ಸಣ್ಣ ಏರ್ಪಾಡುಗಳು ನನಗೆ ಮುಖ್ಯ. ಒಂದು, ಕೌಂಟರಿನಲ್ಲಿ ಎರಡನೆಯ ಪರದೆಯೊಂದನ್ನು ರೈತನ ಕಡೆ ಮುಖ ಮಾಡಿ ಇಟ್ಟಿದ್ದರು. ಒಳಗೆ ಕೂತವರು ತನ್ನ ಸರ್ವೆ ನಂಬರಿನಲ್ಲಿ ಏನು ತೆಗೆಯುತ್ತಿದ್ದಾರೆ ಎಂಬುದನ್ನು ಹೊರಗೆ ನಿಂತವನೂ ನೋಡಬಹುದಿತ್ತು. ಎರಡು, ಆ ಕಂಪ್ಯೂಟರನ್ನು ತೆರೆಯಲು ಬೆರಳಚ್ಚು ಬೇಕಿತ್ತು, ಅಧಿಕಾರಿಯ ಬೆರಳಚ್ಚು. ಪಹಣಿ ತಿದ್ದಿದವರು ಯಾರು ಎಂಬುದಕ್ಕೆ ನಾಳೆ ನುಣುಚಿಕೊಳ್ಳಲಾಗದ ಸಾಕ್ಷಿ ಇರಲಿ ಅಂತ. ಅಂದರೆ 25 ವರ್ಷದ ಹಿಂದೆ ಹೆಬ್ಬೆಟ್ಟು ಒತ್ತುತ್ತಿದ್ದವರು ಸರ್ಕಾರದವರು, ಪರದೆ ನೋಡುತ್ತಿದ್ದವರು ಜನ.

ಆಮೇಲೆ ಎಲ್ಲೋ ಮೇಜು ತಿರುಗಿತು. ಹೆಬ್ಬೆಟ್ಟು ಜನರದ್ದಾಯಿತು, ಪರದೆ ಒಳಗಿನವರ ಕಡೆ ಹೊರಳಿತು. ಭೂಮಿ ಯೋಜನೆಗೂ ತಕರಾರುಗಳಿದ್ದವು. ದಾಖಲೆ ಒಂದೇ ಕಡೆ ಸಿಕ್ಕಿದ್ದರಿಂದ ನಗರಗಳ ಸುತ್ತ ದೊಡ್ಡ ಕುಳಗಳಿಗೇ ಹೆಚ್ಚು ಅನುಕೂಲವಾಯಿತು ಎಂದು ಬರೆದವರಿದ್ದಾರೆ. ಅದು ಬೇರೆ ಚರ್ಚೆ. ಆ ಎರಡನೇ ಪರದೆಯ ಯೋಚನೆ ಮಾತ್ರ ಯಾರಿಗೂ ಬೇಡವಾದದ್ದು ಹೇಗೆ ಎಂಬುದು ನನಗೆ ಇವತ್ತಿಗೂ ಸೋಜಿಗ.

ಹೆಬ್ಬೆಟ್ಟಿನ ಕಾನೂನಿನ ಕಥೆ ಶುರುವಾಗುವುದೂ ಕನ್ನಡದವರೊಬ್ಬರಿಂದಲೇ. ಆಧಾರ್ ಅನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರಿಗೆ ಎಂಬತ್ತು ದಾಟಿತ್ತು. ಶಾಸನವೇ ಇಲ್ಲದೆ ಜನರ ಬೆರಳು, ಕಣ್ಣುಗಳ ಗುರುತು ತೆಗೆದುಕೊಳ್ಳಲು ಸರ್ಕಾರಕ್ಕೆ ಅಧಿಕಾರ ಕೊಟ್ಟವರು ಯಾರು ಎಂಬುದು ಅವರ ಪ್ರಶ್ನೆ. ಪ್ರಕರಣ ಬೆಳೆದು, ಸಂವಿಧಾನದಲ್ಲಿ ಖಾಸಗಿತನವೆಂಬ ಹಕ್ಕು ಇದೆಯೇ ಎಂಬ ಮೂಲಕ್ಕೇ ಹೋಯಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಇದೆ ಎಂದಿತು. 2018ರ ಸೆಪ್ಟೆಂಬರ್ 26ರಂದು ಐವರ ಪೀಠ ನಾಲ್ಕು–ಒಂದರ ಬಹುಮತದಲ್ಲಿ ಆಧಾರ್ ಕಾಯ್ದೆಯನ್ನು ಉಳಿಸಿತು, ಆದರೆ ಮಿತಿ ಹಾಕಿತು: ಸಬ್ಸಿಡಿಗೆ ಕೇಳಬಹುದು, ಪ್ಯಾನ್‌ಗೆ ಜೋಡಿಸಬಹುದು, ಬ್ಯಾಂಕ್ ಖಾತೆಗೆ, ಮೊಬೈಲ್ ಸಿಮ್‌ಗೆ, ಶಾಲೆಯ ದಾಖಲಾತಿಗೆ ಕಡ್ಡಾಯ ಮಾಡುವಂತಿಲ್ಲ. ಅದೇ ತೀರ್ಪು ಖಾಸಗಿ ಕಂಪನಿಗಳಿಗೆ ಮುಚ್ಚಿದ ಬಾಗಿಲನ್ನು ಸರ್ಕಾರ 2019ರ ತಿದ್ದುಪಡಿ, 2025ರ ಜನವರಿಯ ನಿಯಮಗಳ ಮೂಲಕ, 'ಸ್ವಇಚ್ಛೆ' ಎಂಬ ಹೆಸರಿನಲ್ಲಿ, ಸ್ವಲ್ಪ ಸ್ವಲ್ಪವೇ ತೆರೆಯುತ್ತ ಬಂದಿದೆ. ಪುಟ್ಟಸ್ವಾಮಿ 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅವರ ಹೆಸರು ದೇಶದ ಎಲ್ಲ ಕಾನೂನು ವಿದ್ಯಾರ್ಥಿಗಳ ಬಾಯಲ್ಲಿದೆ. ನಮ್ಮ ಬಸ್ಸುಗಳಲ್ಲಿ ಮಾತ್ರ ಕೇಳಿಲ್ಲ.

ರೇಷನ್ ಅಂಗಡಿಯ ಯಂತ್ರಕ್ಕೆ ಬರೋಣ. ಅಲ್ಲಿ ನಡೆಯುವುದೇನು ಎಂಬುದು ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. ಗಾಜಿನ ಮೇಲೆ ಬೆರಳಿಟ್ಟಾಗ ಯಂತ್ರ ಗೆರೆಗಳು ಎಲ್ಲಿ ಕವಲೊಡೆಯುತ್ತವೆ, ಎಲ್ಲಿ ಮುಗಿಯುತ್ತವೆ ಎಂಬ ಬಿಂದುಗಳನ್ನು ಗುರುತು ಹಾಕಿಕೊಳ್ಳುತ್ತದೆ. ಅವು ಆಧಾರ್ ಸಂಖ್ಯೆಯ ಜೊತೆ ಆಧಾರ್ ಪ್ರಾಧಿಕಾರದ ಕೇಂದ್ರ ಕಂಪ್ಯೂಟರಿಗೆ ಹೋಗಿ, ಅಲ್ಲಿರುವ ಬಿಂದುಗಳಿಗೆ ಎಷ್ಟರಮಟ್ಟಿಗೆ ಹೋಲುತ್ತವೆ ಎಂಬ ಲೆಕ್ಕವಾಗಿ, ಹೌದು ಅಥವಾ ಅಲ್ಲ ಎಂಬ ಉತ್ತರ ಬರುತ್ತದೆ. ಗಮನಿಸಿ, ಇದು ಹೋಲಿಕೆಯ ಲೆಕ್ಕ. ಬೆರಳು ನಿಮ್ಮದೇ ಆಗಿದ್ದರೂ ಲೆಕ್ಕ ತಪ್ಪಬಹುದು. ಹೋಲದಿದ್ದರೆ ಬರುವ ಉತ್ತರಕ್ಕೊಂದು ಸಂಕೇತ ಸಂಖ್ಯೆಯೂ ಇದೆ: 300. ಅಂಗಡಿಯ ಮುಂದೆ ನಿಂತವರಿಗೆ ಆ 300 ತಲುಪುವುದಿಲ್ಲ. ಅವರಿಗೆ ತಲುಪುವುದು "ಬರ್ತಿಲ್ಲಮ್ಮ, ನಾಳೆ ಬಾ" ಅಥವಾ ಆ ಸರ್ವಾಂತರ್ಯಾಮಿ ವಾಕ್ಯ, "ಸರ್ವರ್ ಡೌನ್". ಬೆರಳು ಹೋಲದಿರುವುದು ಬೇರೆ, ನೆಟ್‌ವರ್ಕ್ ಇಲ್ಲದಿರುವುದು ಬೇರೆ, ಕಾರ್ಡಿನಿಂದ ಹೆಸರೇ ಕಿತ್ತುಹೋಗಿರುವುದು ಬೇರೆ. ಹೊರಗಿನವರಿಗೆ ಮೂರೂ ಒಂದೇ ಗೋಡೆ.

ನಮ್ಮ ಜಿಲ್ಲೆಯಲ್ಲಿ ಅಡಿಕೆ ಸುಲಿಯುವ ಕಾಲದಲ್ಲಿ ಈ ಗೋಡೆ ಇನ್ನೂ ಎತ್ತರ. ಮೆಟ್ಟುಗತ್ತಿಯ ಮುಂದೆ ರಾತ್ರಿಯೆಲ್ಲ ಕೂತು ಹಸಿ ಅಡಿಕೆ ಸುಲಿದವರ ಕೈ ನೋಡಿದ್ದೀರಾ? ಹೆಬ್ಬೆರಳಿನ ತುದಿಗೆ ಚಿಂದಿ ಬಟ್ಟೆ ಸುತ್ತಿಕೊಂಡರೂ ಸಣ್ಣ ಸಣ್ಣ ಗೀರುಗಳು ತಪ್ಪುವುದಿಲ್ಲ. ಅಡಿಕೆಯ ಕಲೆ ಆ ಗೀರುಗಳಿಗೆ ಇಳಿದು ಕಪ್ಪಾಗಿ ಕೂರುತ್ತದೆ; ಸೋಪಿಗೆ ಜಪ್ಪಯ್ಯ ಅನ್ನುವುದಿಲ್ಲ. ಆಧಾರ್‌ಗೆ ಬೆರಳು ಕೊಟ್ಟದ್ದು ಬೇಸಿಗೆಯಲ್ಲಿ, ರೇಷನ್ನಿಗೆ ಒತ್ತುವುದು ಸುಗ್ಗಿಯಲ್ಲಿ. ಗಾರೆ ಕೆಲಸದವರದು, ಬಟ್ಟೆ ಒಗೆಯುವವರದು, ಎಪ್ಪತ್ತು ದಾಟಿದವರದು ಎಲ್ಲ ಇದೇ ಕಥೆ. ಯಂತ್ರ ಯಾರ ಬೆರಳನ್ನು ಸಲೀಸಾಗಿ ಓದುತ್ತದೆ ಅಂದರೆ, ದಿನವಿಡೀ ಕೀಲಿಮಣೆ ಕುಟ್ಟುವ ನನ್ನಂಥವರದ್ದನ್ನು. ಉಚಿತ ಅಕ್ಕಿ ಬೇಕಿರುವುದು ನನಗಲ್ಲ.

ಇದು ಬರೀ ಕಿರಿಕಿರಿಯ ವಿಷಯವಲ್ಲ. 2017ರ ಜುಲೈನಲ್ಲಿ ಗೋಕರ್ಣದಲ್ಲಿ ಒಂದೇ ದಲಿತ ಕುಟುಂಬದ ಮೂವರು ಅಣ್ಣತಮ್ಮಂದಿರು ಎರಡು ವಾರದೊಳಗೆ ಸತ್ತರು. ಪಡಿತರ ಚೀಟಿಗೆ ಆಧಾರ್ ಜೋಡಣೆಯಾಗಿಲ್ಲ ಎಂದು ತಿಂಗಳುಗಟ್ಟಲೆ ಆ ಮನೆಗೆ ರೇಷನ್ ನಿಂತಿತ್ತು ಎಂದು ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ತಂಡ ಅಲ್ಲಿಗೆ ಹೋಗಿ ವರದಿ ಮಾಡಿತು. ಹಸಿವಿನಿಂದ ಸತ್ತದ್ದಲ್ಲ ಎಂದು ಸರ್ಕಾರ ಹೇಳಿತು. ಆ ವಾದ ಏನೇ ಇರಲಿ, ರೇಷನ್ ಕೊಡದೆ ವಾಪಸು ಕಳಿಸಿದ ಒಂದೊಂದು ದಿನಕ್ಕೂ ಆ ಮನೆಯವರ ಕೈಯಲ್ಲಿ ಒಂದು ತುಂಡು ಕಾಗದ ಇದ್ದಿದ್ದರೆ ಸರ್ಕಾರ ಅಷ್ಟು ಸಲೀಸಾಗಿ ಮಾತಾಡಲು ಆಗುತ್ತಿರಲಿಲ್ಲ.

ಹೆಬ್ಬೆಟ್ಟು ಓದದಿರುವುದು ಒಂದು ತೊಂದರೆಯಾದರೆ, ಬೇರೆಯವರು ಓದಿಬಿಡುವುದು ಇನ್ನೊಂದು. 2023ರಲ್ಲಿ ಮಂಗಳೂರು, ಬೆಂಗಳೂರಿನಲ್ಲಿ ಹಲವರ ಖಾತೆಗಳಿಂದ ಹಣ ಮಾಯವಾಯಿತು. ಯಾರೂ ಒಟಿಪಿ ಹೇಳಿರಲಿಲ್ಲ, ಯಾವ ಲಿಂಕನ್ನೂ ಒತ್ತಿರಲಿಲ್ಲ. ಕಳೆದುಕೊಂಡವರಲ್ಲಿ ಬಹಳ ಮಂದಿಗೆ ಸಮಾನವಾಗಿದ್ದ ಸಂಗತಿ, ಈಚೆಗೆ ಉಪನೋಂದಣಿ ಕಚೇರಿಯಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದರು. ಕ್ರಯಪತ್ರದಲ್ಲಿ ಹೆಬ್ಬೆಟ್ಟಿನ ಗುರುತೂ ಇರುತ್ತದೆ, ಆಧಾರ್ ಸಂಖ್ಯೆಯೂ ಇರುತ್ತದೆ. ಆ ಪತ್ರದ ಪ್ರತಿ ಸಿಕ್ಕವರು ಗುರುತಿನಿಂದ ಅಚ್ಚು ತಯಾರಿಸಿ ಬ್ಯಾಂಕ್ ಮಿತ್ರರ ಯಂತ್ರಕ್ಕೆ ಒತ್ತಿದ್ದರು. ಆಧಾರ್ ಆಧರಿತ ಪಾವತಿಗೆ ಬೇಕಾದದ್ದು ಮೂರೇ: ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು. ಒಮ್ಮೆಗೆ 10,000 ರೂಪಾಯಿವರೆಗೆ ತೆಗೆಯಬಹುದು. ಮುದುಕರಿಗೆ, ಎಟಿಎಂ ಇಲ್ಲದ ಹಳ್ಳಿಗೆ ಇದು ವರವೇ ಸೈ; ಪಿಂಚಣಿಗಾಗಿ ಪೇಟೆಗೆ ಹೋಗುವ ದಂಡ ತಪ್ಪಿಸಿದ್ದು ಇದೇ ವ್ಯವಸ್ಥೆ. ಆದರೆ ಭದ್ರವಾಗಿ ಇಟ್ಟುಕೊಳ್ಳಿ ಎಂದು ಸರ್ಕಾರ ಕೊಟ್ಟ ನೋಂದಣಿ ಪತ್ರವೇ ಕಳ್ಳರಿಗೆ ಕೀಲಿಕೈಯಾಯಿತು. ಆಮೇಲೆ ಪ್ರತಿಗಳಲ್ಲಿ ಬೆರಳಚ್ಚು ಮರೆಮಾಡಲು ಇಲಾಖೆ ಮುಂದಾಯಿತು. ಮುಂಚೆ ಪಡೆದ ಪ್ರತಿಗಳು ಎಲ್ಲೆಲ್ಲಿವೆಯೋ ಅಲ್ಲೇ ಇವೆ.

ಇಲ್ಲಿ ಎರಡು ವಿಷಯ ತಿಳಿದಿದ್ದರೆ ಒಳ್ಳೆಯದು, ಯಾಕೆಂದರೆ ಬ್ಯಾಂಕಿನವರು ತಾವಾಗಿ ಹೇಳುವುದು ಅಪರೂಪ. ಆಧಾರ್‌ನ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯ ಇದೆ. ಆಧಾರ್ ಆ್ಯಪ್‌ನಲ್ಲಿ ಬೀಗ ಹಾಕಿ, ರೇಷನ್ ತರುವ ದಿನ ಮಾತ್ರ ತೆಗೆಯಬಹುದು. ಎರಡನೆಯದು, ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ, ನಡುವಿನ ವ್ಯವಸ್ಥೆಯಲ್ಲಿ ಎಲ್ಲೋ ಸೋರಿ ಹಣ ಹೋಗಿದ್ದರೆ, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟವರ ಹೊಣೆ ಸೊನ್ನೆ. ದೂರು ಬಂದ ಹತ್ತು ಕೆಲಸದ ದಿನಗಳಲ್ಲಿ ಬ್ಯಾಂಕು ಹಣವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು. ಗ್ರಾಹಕರದೇ ತಪ್ಪು ಎಂದು ಸಾಬೀತು ಮಾಡುವ ಹೊರೆಯೂ ಬ್ಯಾಂಕಿನದೇ. ದೂರು ಮಾತ್ರ ಬಾಯಿಮಾತಿನಲ್ಲಿ ಬೇಡ, ಬರೆದು ಕೊಟ್ಟು ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದರೆ ಆ ದೂರಿನ ಸಂಖ್ಯೆಯೂ ಜೊತೆಗಿರಲಿ.

ಈಗ ದೇಶಕ್ಕೊಂದು ದತ್ತಾಂಶ ಕಾನೂನೇ ಬಂದಿದೆಯಲ್ಲ ಅನ್ನಬಹುದು. ಬಂದಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟಿನಲ್ಲಿ ಅಂಕಿತ ಬಿತ್ತು, ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದವು. ಮುಖ್ಯ ಭಾಗಗಳು ಜಾರಿಗೆ ಬರುವುದು ಅಲ್ಲಿಂದ ಹದಿನೆಂಟು ತಿಂಗಳಿಗೆ, ಅಂದರೆ 2027ರ ಮೇ ಹೊತ್ತಿಗೆ. ಇದರಲ್ಲಿ ಮೆಚ್ಚುವಂಥದ್ದು ಇದೆ. ನಿಮ್ಮ ಮಾಹಿತಿ ಕೇಳುವವರು ಏನನ್ನು, ಯಾತಕ್ಕೆ ಕೇಳುತ್ತಿದ್ದೇವೆ ಎಂದು ನೋಟಿಸ್ ಕೊಡಬೇಕು. ಅದನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ, ಎಂದರೆ ಕನ್ನಡದಲ್ಲೂ, ಓದುವ ಆಯ್ಕೆ ಇರಬೇಕು. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು. ನನ್ನ ಬಗ್ಗೆ ನಿಮ್ಮ ಹತ್ತಿರ ಏನಿದೆ ತೋರಿಸಿ, ತಪ್ಪಿದ್ದರೆ ತಿದ್ದಿ, ಬೇಡವಾದರೆ ಅಳಿಸಿ ಎಂದು ಕೇಳಬಹುದು. ಓದಿದಾಗ ಎರಡನೇ ಪರದೆ ವಾಪಸು ಬಂತು ಎಂದೇ ಅನಿಸುತ್ತದೆ.

ಆದರೆ ಏಳನೇ ಸೆಕ್ಷನ್ ಇದೆ. ಒಪ್ಪಿಗೆ ಬೇಕಿಲ್ಲದ ಸಂದರ್ಭಗಳ ಪಟ್ಟಿ ಅದು. ಸರ್ಕಾರ ತನ್ನ ಬಳಿ ಈಗಾಗಲೇ ಇರುವ ದತ್ತಾಂಶ ಬಳಸಿ ಸಬ್ಸಿಡಿ, ಸೌಲಭ್ಯ ಕೊಡುವಾಗ ಒಪ್ಪಿಗೆ ಬೇಕಿಲ್ಲ. ಉದ್ಯೋಗದ ಉದ್ದೇಶಕ್ಕೆ, ಮಾಲೀಕರನ್ನು ನಷ್ಟದಿಂದ ಕಾಪಾಡುವುದಕ್ಕೆ ಮಾಹಿತಿ ಬಳಸುವಾಗಲೂ ಬೇಕಿಲ್ಲ. ಅಲ್ಲಿಗೆ ಮಾಚೇನಹಳ್ಳಿಯ ನಮ್ಮ ಹೆಂಗಸಿನ ಹೆಬ್ಬೆಟ್ಟು ಬೀಳುವ ಎರಡು ಮುಖ್ಯ ಜಾಗಗಳು, ರೇಷನ್ ಅಂಗಡಿ ಮತ್ತು ಕಾರ್ಖಾನೆಯ ಗೇಟು, ಈ ಪಟ್ಟಿಗೆ ಬಂದವು. ಒಪ್ಪಿಗೆ ಕೇಳಬೇಕಿಲ್ಲದ ಕಡೆ ಒಪ್ಪಿಗೆಯ ನೋಟಿಸೂ ಇಲ್ಲ. ಕನ್ನಡದ ಪ್ರಶ್ನೆ ಏಳುವುದೇ ಇಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನೋಡಿ. 'ತೋರಿಸಿ', 'ತಿದ್ದಿ' ಎಂದು ಕೇಳುವ ಹಕ್ಕನ್ನು 11 ಮತ್ತು 12ನೇ ಸೆಕ್ಷನ್‌ಗಳು ಕೊಡುವುದು ಒಪ್ಪಿಗೆ ಕೊಟ್ಟು ನೀಡಿದ ಮಾಹಿತಿಗೆ. ಇಲ್ಲ ಅನ್ನಲು ಸಾಧ್ಯವಿರುವ ಕಡೆ, ಅಂದರೆ ಶಾಪಿಂಗ್ ಆ್ಯಪ್ ಥರದ ಕಡೆ, ನೋಡುವ ಹಕ್ಕೂ ಉಂಟು. ಇಲ್ಲ ಅನ್ನಲಾಗದ ಕಡೆ ನೋಡುವ ಹಕ್ಕೂ ಇಲ್ಲ. ನನ್ನ ಓದಿನಲ್ಲಿ ಈ ಕಾಯ್ದೆಯ ದೊಡ್ಡ ಊನ ಇದು, ಪತ್ರಿಕೆಗಳಲ್ಲಿ ಹೆಚ್ಚು ಚರ್ಚೆಯಾಗದ್ದೂ ಇದೇ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಮಾಹಿತಿ ಸೋರಿಹೋದರೆ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಅದು ಹೋಗುವುದು ಭಾರತದ ಸಂಚಿತ ನಿಧಿಗೆ. ಹಣ ಕಳೆದುಕೊಂಡವರಿಗೆ ಪರಿಹಾರ ಕೇಳಲು ಐಟಿ ಕಾಯ್ದೆಯಲ್ಲಿದ್ದ 43ಎ ಸೆಕ್ಷನ್ನನ್ನು ಈ ಕಾಯ್ದೆ ತೆಗೆದುಹಾಕುತ್ತದೆ. ಹುರುಳಿಲ್ಲದ ದೂರು ಕೊಟ್ಟರೆ ಜನರಿಗೂ 10,000 ರೂಪಾಯಿವರೆಗೆ ದಂಡ ಉಂಟು. ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಅನ್ನು ತಿದ್ದಿ, ವೈಯಕ್ತಿಕ ಮಾಹಿತಿ ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸಲು ದಾರಿ ಮಾಡಿದ್ದಾರೆ. ಈ ತಿದ್ದುಪಡಿಗೆ ಮಾತ್ರ ಹದಿನೆಂಟು ತಿಂಗಳ ಕಾಯುವಿಕೆ ಇರಲಿಲ್ಲ, ನವೆಂಬರಿನಲ್ಲೇ ಜಾರಿಗೆ ಬಂತು. ಜನರ ಹಕ್ಕಿಗೆ ಒಂದೂವರೆ ವರ್ಷ ಗಡುವು, ಅಧಿಕಾರಿಯ ಮರೆಗೆ ಗಡುವೇ ಬೇಡ.

ಇದರ ನಡುವೆ ಇಲ್ಲ ಅನ್ನುವ ಹಕ್ಕು ನಮ್ಮ ಮನೆಬಾಗಿಲಿಗೇ ಬಂದ ಪ್ರಸಂಗವೂ ಒಂದಿದೆ. 2025ರ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಗುವ ಮುಂಚೆ ವಿದ್ಯುತ್ ಮೀಟರ್ ಓದುವವರು ಬಂದು ಮನೆಮನೆಗೆ ನಂಬರಿನ ಸ್ಟಿಕ್ಕರ್ ಅಂಟಿಸಿ ಹೋದರು. ಮೇಷ್ಟ್ರುಗಳು 60 ಪ್ರಶ್ನೆಗಳ ಆ್ಯಪ್ ಹಿಡಿದು, ಮಲೆನಾಡಿನಲ್ಲಿ ನೆಟ್‌ವರ್ಕ್ ಸಿಗುವ ದಿಬ್ಬ ಹುಡುಕುತ್ತ ಬಂದರು. ಹೈಕೋರ್ಟ್ ಸೆಪ್ಟೆಂಬರ್ 25ರಂದು ಸಮೀಕ್ಷೆಗೆ ತಡೆ ಕೊಡಲಿಲ್ಲ. ಆದರೆ ಉತ್ತರಿಸುವುದು ಕಡ್ಡಾಯವಲ್ಲ ಎಂದು ಆಯೋಗ ಪ್ರಕಟಣೆ ಕೊಡಬೇಕು, ಬೇಡ ಎಂದವರನ್ನು ಗಣತಿದಾರರು ಒಲಿಸಲು ಹೋಗಬಾರದು, ದತ್ತಾಂಶ ಗೋಪ್ಯವಾಗಿರಬೇಕು ಎಂದಿತು. ಪರಿಣಾಮ ವಿಚಿತ್ರ. ಬಂಗಲೆಗಳವರು ಸಲೀಸಾಗಿ ಬೇಡ ಎಂದರು. ಹೊಲಿಗೆ ಯಂತ್ರದ ಮುಂದೆ ದುಡಿದು ಬಂದವರ ಓಣಿಯಲ್ಲಿ ಹರಡಿದ್ದು ಬೇರೆ ಮಾತು: ಹೇಳದಿದ್ದರೆ ರೇಷನ್ ಕಾರ್ಡ್ ಹೋಗುತ್ತಂತೆ, ಸರ್ಕಾರ ಕೊಡೋ ಎರಡು ಸಾವಿರ ನಿಲ್ಲುತ್ತಂತೆ. ಹಾಗೆ ಯಾವ ಆದೇಶವೂ ಇರಲಿಲ್ಲ. ಆದರೆ ಕೋರ್ಟು ಕೊಟ್ಟ ಐಚ್ಛಿಕದ ಹಕ್ಕು ಆ ಓಣಿಗೆ ತಲುಪುವಷ್ಟರಲ್ಲಿ ಬೆದರಿಕೆಯಾಗಿ ಮಾರ್ಪಟ್ಟಿತ್ತು. ನಾನು ಸಮೀಕ್ಷೆಯ ವಿರೋಧಿಯಲ್ಲ. ಜಾತಿಯ ಲೆಕ್ಕವಿಲ್ಲದೆ ನ್ಯಾಯದ ಲೆಕ್ಕ ಸಿಗದು. ಉತ್ತರ ಕೊಟ್ಟವರಿಗೆ ತಾವು ಕೊಟ್ಟ ಉತ್ತರಗಳ ಒಂದು ಪ್ರತಿ ಸಿಗುವಂತೆ ಮಾಡಿದ್ದರೆ ಅರ್ಧ ಗಾಳಿಸುದ್ದಿ ಅಲ್ಲೇ ಅಡಗುತ್ತಿತ್ತು ಅನ್ನುವುದಷ್ಟೇ ನನ್ನ ತಕರಾರು.

ಗುರುತು ತೋರಿಸುವುದಕ್ಕೂ ಗುರುತು ದಾಖಲಿಸಿಕೊಳ್ಳುವುದಕ್ಕೂ ಇರುವ ವ್ಯತ್ಯಾಸಕ್ಕೆ ಇದೇ ರಸ್ತೆಯ ಕೆಂಪು ಬಸ್ಸುಗಳೇ ಉದಾಹರಣೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರು ಆಧಾರ್ ತೋರಿಸಿ ಓಡಾಡುತ್ತಿದ್ದಾರೆ. ಕಂಡಕ್ಟರ್ ಕಣ್ಣಾಡಿಸುತ್ತಾನೆ, ಸೊನ್ನೆ ದರದ ಟಿಕೆಟ್ ಹರಿದು ಕೊಡುತ್ತಾನೆ. ಯಾವ ಸರ್ವರಿಗೂ ಅವರ ಗುರುತು ಹೋಗುವುದಿಲ್ಲ. ಕೈಯಲ್ಲಿ ಚೀಟಿ ಉಳಿಯುತ್ತದೆ. ಸರ್ವರ್ ಡೌನ್ ಎಂದು ಯಾರನ್ನೂ ಬಸ್ಸಿನಿಂದ ಇಳಿಸಿದ್ದಿಲ್ಲ. ಸ್ಮಾರ್ಟ್ ಕಾರ್ಡ್ ಬರುತ್ತದೆ ಎಂದು ಮೊದಲಿನಿಂದ ಹೇಳುತ್ತಿದ್ದಾರೆ. ಬಂದಾಗ ಯಾರು ಎಲ್ಲಿ ಹತ್ತಿದರು, ಎಲ್ಲಿ ಇಳಿದರು ಎಂಬುದು ಎಷ್ಟು ಕಾಲ ಎಲ್ಲಿ ಉಳಿಯುತ್ತದೆ ಎಂದು ಕೇಳುವವರು ಬೇಕಾಗುತ್ತಾರೆ.

ಚೀಟಿ ಕೊಡುವ ಕಾನೂನು ಕರ್ನಾಟಕಕ್ಕೆ ಹೊಸದಲ್ಲ. 2011ರ ಸಕಾಲ ಕಾಯ್ದೆಯಲ್ಲಿ ಅರ್ಜಿ ಹಾಕಿದ ಕೂಡಲೇ ಒಂದು ನಂಬರು ಕೊಡಬೇಕು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ತಡ ಮಾಡಿದ ನೌಕರನ ಸಂಬಳದಿಂದ ಹಿಡಿದು ಅರ್ಜಿದಾರರಿಗೆ ಕೊಡಬೇಕು. ಹಣ ದೊಡ್ಡದಲ್ಲ. ನಂಬರು ದೊಡ್ಡದು. ಹೆಬ್ಬೆಟ್ಟು ಹೋಲದೆ ವಾಪಸು ಹೋದವಳಿಗೆ ಆ ನಂಬರಿಲ್ಲ, ಯಾಕೆಂದರೆ ಕಾನೂನಿನ ಕಣ್ಣಿನಲ್ಲಿ ಅವಳು ಏನನ್ನೂ ಕೇಳಿಯೇ ಇಲ್ಲ. ರೇಷನ್ ಅಂಗಡಿಯ ಯಂತ್ರಕ್ಕೆ ಪ್ರಿಂಟರ್ ಈಗಾಗಲೇ ಇದೆ. ಅಕ್ಕಿ ಕೊಟ್ಟಾಗ ಅಚ್ಚು ಹಾಕುವ ಅದು, ಕೊಡದಿದ್ದಾಗಲೂ ದಿನ, ಹೊತ್ತು, ಆ 300ರಂಥ ಸಂಕೇತ, ಮತ್ತು ಕನ್ನಡದಲ್ಲಿ ಒಂದು ಸಾಲಿನ ಕಾರಣವನ್ನು ಅಚ್ಚು ಹಾಕಲಿ. ಇದಕ್ಕೆ ದತ್ತಾಂಶ ಕಾಯ್ದೆಯಡಿ ದೂರು ಕೇಳುವ ದೆಹಲಿಯ ಮಂಡಳಿ ಬೇಕಿಲ್ಲ, ಆಹಾರ ಇಲಾಖೆಯ ಒಂದು ಸುತ್ತೋಲೆ ಸಾಕು.

ಕಾರ್ಖಾನೆಯ ಗೇಟಿನದು ಅಷ್ಟು ಸುಲಭವಲ್ಲ. ಅಲ್ಲಿನ ಯಂತ್ರ ಆಧಾರ್‌ನದಲ್ಲ, ಮಾಲೀಕರದು. ಬೆರಳಿನ ಗುರುತು ಇರುವುದೂ ಅವರ ಕಂಪ್ಯೂಟರಿನಲ್ಲೇ. ಕೆಲಸ ಬಿಟ್ಟ ಮೇಲೂ ಅದು ಅಲ್ಲಿರುತ್ತದೋ ಇಲ್ಲವೋ ಎಂದು ಬಿಟ್ಟವರಿಗೆ ತಿಳಿಸುವ ರೂಢಿ ಎಲ್ಲೂ ಇಲ್ಲ. ಆದರೆ 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆ, ಸಂಬಳದ ಚೀಟಿ ಕೊಡುವುದನ್ನು ಮಾಲೀಕರಿಗೆ ಕಡ್ಡಾಯ ಮಾಡಿದೆ. ಎಷ್ಟು ದಿನ, ಎಷ್ಟು ಓಟಿ, ಎಷ್ಟು ಕಡಿತ ಎಂಬುದರ ಜೊತೆಗೆ ತಿಂಗಳ ಪಂಚ್ ಸಮಯಗಳನ್ನೂ ಅದೇ ಕಾಗದದ ಹಿಂಬದಿಗೆ ಅಚ್ಚು ಹಾಕಿ ಎಂದು ಕೇಳಲು ಯಾವ ಕಾನೂನೂ ಅಡ್ಡ ಬರುವುದಿಲ್ಲ. ಒಬ್ಬಳೇ ಕೇಳಿದರೆ ಮರುದಿನ ಲೈನ್ ಬದಲಾಗುತ್ತದೆ, ಇಲ್ಲವೇ ಕೆಲಸವೇ ಹೋಗುತ್ತದೆ. ಹಾಗಾಗಿ ಇದು ಬೇಡಿಕೆ ಪಟ್ಟಿಯಲ್ಲಿ ಬೋನಸ್ಸಿನ ಪಕ್ಕದಲ್ಲಿ ಸೇರಬೇಕಾದ ಸಾಲು, ಮುಂದಿನ ವೇತನ ಮಾತುಕತೆಗೇ.